ಶಸ್ತ್ರದ ಜೊತೆಗೆ ಸೂಕ್ಷ್ಮದರ್ಶಕ

ಪುಷ್ಯಮಾಸದ ಒಂದು ಬೆಳಗು. ಕೊಡಗಿನ ತೋಟಗಳಲ್ಲಿ ಕಾಫಿಯ ಕೊಯ್ಲು ಭರದಿಂದ ಸಾಗಿರುತ್ತದೆ. ವಿರಾಜಪೇಟೆಯ ಕಡೆಯ ಒಂದು ಮನೆಯ ಮುಂದಿನ ಕಣದಲ್ಲಿ ಆಳುಗಳಿಂದ ಹಣ್ಣು ಹರಡಿಸುತ್ತಿದ್ದ ಬೆಳೆಗಾರರೊಬ್ಬರು ಏನನ್ನೋ ಹೇಳಲು ಬಾಯಿ ತೆರೆದವರು ಮಾತು ಹೊರಡದೆ ತಡವರಿಸುತ್ತಾರೆ. ಬಲಗೈ ಸೆಟೆಯುತ್ತದೆ. ನೋಡನೋಡುತ್ತಿದ್ದಂತೆ ನೆಲಕ್ಕೆ ಕುಸಿಯುತ್ತಾರೆ. ಐವತ್ತು ದಾಟಿದ, ಅದುವರೆಗೆ ಜ್ವರಕ್ಕೂ ಮಲಗದ ದೃಢಕಾಯರು. ಮನೆಯವರು ಗಾಬರಿಯಿಂದ ಅವರ ಅಂಗೈಯಲ್ಲಿ ಬೀಗದ ಕೈಯ ಗೊಂಚಲನ್ನು ಹಿಡಿಸುತ್ತಾರೆ. (ನಾಡಿನಲ್ಲೆಲ್ಲ ಬಳಕೆಯಲ್ಲಿರುವ ಈ ಉಪಚಾರದಿಂದ ಯಾವ ಪ್ರಯೋಜನವೂ ಇಲ್ಲ, ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ ಉಸಿರಾಟಕ್ಕೆ ಅಡ್ಡಿಯಾಗದಂತೆ ನೋಡಿಕೊಂಡರೆ ಸಾಕು.) ಎರಡು ಮೂರು ನಿಮಿಷಗಳಲ್ಲಿ ಸೆಳೆತ ನಿಲ್ಲುತ್ತದೆ. ಅರ್ಧ ಗಂಟೆಯೊಳಗೆ ಅವರು ಎದ್ದು ಕುಳಿತು ಕುಡಿಯಲು ಕಾಫಿ ಕೇಳುತ್ತಾರೆ. ಆದರೂ ಮಗ ಸುಮ್ಮನಿರದೆ ಜೀಪು ತೆಗೆದು ತಂದೆಯನ್ನು ಮಡಿಕೇರಿಗೆ ಕರೆದೊಯ್ಯುತ್ತಾನೆ.

ಈ ಬೆಳೆಗಾರರು ಒಬ್ಬ ನಿಶ್ಚಿತ ವ್ಯಕ್ತಿಯಲ್ಲ. ಇಂಥ ರೋಗಿಗಳೆಲ್ಲರ ಪ್ರತಿನಿಧಿಯೆಂದು ಓದುಗರು ಭಾವಿಸಿಕೊಳ್ಳಬಹುದು. ಅವರ ತಲೆಬುರುಡೆಯೊಳಗೆ ಏನಿದೆಯೆಂಬುದನ್ನು ಕಂಡುಹಿಡಿಯುವ ಕೆಲಸ ಮಡಿಕೇರಿಯಲ್ಲಿ ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಅವರು ಯಾರ ಕೈಗೆ ಹೋಗುತ್ತಾರೆ, ಆ ಕೈಗಳಿಗೆ ಆ ಪಳಗಿಕೆ ಎಲ್ಲಿಂದ ಬಂತು ಎಂಬುದೊಂದು ದೊಡ್ಡ ಕಥೆ.

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಆರಂಭವಾಯಿತು. 2011ರ ಜನಗಣತಿಯಂತೆ 5,54,519 ಜನರಿರುವ, ಇಂದಿಗೂ ರೈಲಿನ ಸದ್ದು ಕೇಳದ ಜಿಲ್ಲೆಗೆ ಇದೊಂದು ಭಾಗ್ಯವೆಂದೇ ಹೇಳಬೇಕು. ತುರ್ತು ವಿಭಾಗದಲ್ಲಿ ರೋಗಿಯನ್ನು ಮೊದಲು ನೋಡುವ ಎಳೆಯ ವೈದ್ಯನು ಕೇಳುವ ಪ್ರಶ್ನೆಗಳು ಸರಳವಾದವು. ತಲೆನೋವು ಬೆಳಗ್ಗೆ ಏಳುವಾಗಲೇ ಹೆಚ್ಚೋ? ಅದರೊಡನೆ ವಾಂತಿಯಾಗುವುದುಂಟೋ? ಇತ್ತೀಚೆಗೆ ಮಾತಿಗೆ ಪದ ಸಿಗದೆ ತಡಕಾಡಿದ್ದುಂಟೋ? ಪ್ರಾಯ ಸಂದವರಿಗೆ ಜೀವನದಲ್ಲಿ ಮೊದಲ ಬಾರಿಗೆ ಮೂರ್ಛೆ ಬಂದರೆ ಅದನ್ನು ಲಘುವಾಗಿ ಎಣಿಸುವಂತಿಲ್ಲ. ಸ್ಕ್ಯಾನ್ ಚಿತ್ರದಲ್ಲಿ ಮಿದುಳಿನ ಎಡಭಾಗದಲ್ಲಿ ಬಳೆಯಂಥ ಒಂದು ಆಕೃತಿ ಕಾಣಿಸುತ್ತದೆ.

ಬಳೆ ಕಂಡೊಡನೆ ಕ್ಯಾನ್ಸರ್ ಎಂದು ತೀರ್ಮಾನಿಸುವುದು ತಪ್ಪು. ಭಾರತದಲ್ಲಿ ಇಂಥ ನೆರಳಿಗೆ ಬೇರೆ ಕಾರಣಗಳೂ ಉಂಟು. ಕ್ಷಯದ ಗಂಟು ಇರಬಹುದು; ಲಾಡಿಹುಳುವಿನ ಮರಿ ಮಿದುಳಿನಲ್ಲಿ ಸೇರಿ ಸತ್ತಿರಲೂಬಹುದು. 1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಯಂತ್ರಗಳು ದೇಶದ ಆಸ್ಪತ್ರೆಗಳಿಗೆ ಬರತೊಡಗಿದಾಗ, ಮೂರ್ಛೆಯ ರೋಗಿಗಳಲ್ಲಿ ಇಂಥ ಸಣ್ಣ ಬಳೆಗಳು ಕಂಡುಬಂದು, ಅವು ಕ್ಷಯದವೆಂದೇ ಬಗೆದು ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಡುವ ಪರಿಪಾಠ ಬೆಳೆಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯರಾದ ಡಾ. ಮ್ಯಾಥ್ಯೂ ಚಾಂಡಿ ಮತ್ತು ಡಾ. ವೇದಾಂತಂ ರಾಜಶೇಖರ್ ಅವರಿಗೆ ಇದು ಸಮಾಧಾನ ತರಲಿಲ್ಲ. ಆ ದಶಕದ ಕೊನೆಯ ವರ್ಷಗಳಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಅಂಥ ಗಂಟುಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಸಿಕ್ಕಿದ್ದು ಬಹುಪಾಲು ಹುಳುವಿನ ಅವಶೇಷ! ಎಷ್ಟೋ ರೋಗಿಗಳಲ್ಲಿ ಬಳೆ ತಾನೇ ತಾನಾಗಿ ಕರಗಿಹೋಗುತ್ತದೆಂಬುದೂ ತಿಳಿಯಿತು. ಬೇಡದ ಔಷಧಿಯಿಂದಲೂ ಬೇಡದ ಶಸ್ತ್ರಕ್ರಿಯೆಯಿಂದಲೂ ಅದೆಷ್ಟು ಜನ ಪಾರಾದರೋ! ಎಲ್ಲರೂ ಕೊಡುತ್ತಿದ್ದ ಔಷಧಿಯನ್ನು ತಾವೂ ಕೊಟ್ಟು ಸುಮ್ಮನಿದ್ದಿದ್ದರೆ ಇದು ಆಗುತ್ತಿರಲಿಲ್ಲ.

ಕೊಡಗಿನವರಿಗೆ ಈ ಸಂದರ್ಭದಲ್ಲಿ ಒಂದು ಮಾತು ಹೇಳಿಬಿಡುವುದು ಉಚಿತ. ಹುಳುವಿನ ಹೆಸರೆತ್ತಿದೊಡನೆ ಪಂದಿಕರಿಯ ಮೇಲೆ ಅಪವಾದ ಹೊರಿಸುವವರುಂಟು. ಚೆನ್ನಾಗಿ ಬೆಂದ ಮಾಂಸದಿಂದ ಭಯವಿಲ್ಲ. ಅರೆಬೆಂದ ಮಾಂಸದಿಂದ ಬರುವುದು ಕರುಳಿನ ಲಾಡಿಹುಳು. ಮಿದುಳಿಗೆ ಏರುವ ರೋಗ ಬರುವುದು ಆ ಹುಳುವಿನ ಮೊಟ್ಟೆಗಳು ಮಲದ ಮೂಲಕ ಕುಡಿಯುವ ನೀರಿಗೋ ಹಸಿ ತರಕಾರಿಗೋ ಸೇರಿದಾಗ. ಮಾಂಸವನ್ನು ಮುಟ್ಟದವರಿಗೂ ಅದು ಬರುತ್ತದೆ.

ಬೆಳೆಗಾರರ ಬಳೆ ಮಾತ್ರ ಅಷ್ಟು ಸಣ್ಣದಲ್ಲ. ಅಂಚು ದಪ್ಪ, ಸುತ್ತಲೂ ಊತ, ವಯಸ್ಸೂ ಸಂಶಯಕ್ಕೆ ಪೋಷಕವೇ. ಶಸ್ತ್ರಕ್ರಿಯೆ, ವಿಕಿರಣ, ಔಷಧಿ, ಪ್ರಯೋಗಶಾಲೆ ಇವೆಲ್ಲವೂ ಜೊತೆಯಾಗಿ ಬೇಕು. ವೈದ್ಯನು ಕಾಗದ ಬರೆದು ಬೆಂಗಳೂರಿಗೆ ಕಳುಹಿಸುತ್ತಾನೆ. ಮೈಸೂರಿಗೆ ಸುಮಾರು 120 ಕಿಲೋಮೀಟರು, ಅಲ್ಲಿಂದ ಬೆಂಗಳೂರಿಗೆ ಮತ್ತೆ ಅದಕ್ಕಿಂತ ತುಸು ಹೆಚ್ಚು ದೂರ, ಎಲ್ಲವೂ ರಸ್ತೆಯ ಮೇಲೆ. ಮಳೆಗಾಲವಲ್ಲದ್ದರಿಂದ ಸರಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹಾದಿಯೇ ಕಡಿದುಹೋದದ್ದನ್ನು ಕಂಡವರಿಗೆ, ಮಳೆಗಾಲದಲ್ಲಿ ಒಬ್ಬ ರೋಗಿಯನ್ನು ಘಟ್ಟದಿಂದ ಹೊರಗೆ ಸಾಗಿಸುವುದೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನಲ್ಲಿ ಅವರನ್ನು ಎದುರುಗೊಳ್ಳುವ ವೈದ್ಯನು ಎಂಥವನಾಗಿರಬೇಕು?

ತಂಗಿಯಲ್ಲ, ಅಕ್ಕ

ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲಿ ಎಂಬ ಶಸ್ತ್ರವೈದ್ಯರು ಒಬ್ಬ ರೈತನ ತಲೆಬುರುಡೆಯನ್ನು ತೆರೆದು, ಹೊರಗಿನಿಂದ ಯಾವ ಗುರುತೂ ಕಾಣದ ಗೆಡ್ಡೆಯನ್ನು ತೆಗೆದರು. ಕೈಕಾಲುಗಳ ದೌರ್ಬಲ್ಯವನ್ನಷ್ಟೇ ನೋಡಿ, ಗೆಡ್ಡೆ ಇಂಥ ಜಾಗದಲ್ಲಿಯೇ ಇದೆಯೆಂದು ವೈದ್ಯ ಹ್ಯೂಸ್ ಬೆನೆಟ್ ಹೇಳಿದ್ದರು, ಅಲ್ಲಿಯೇ ಇತ್ತು. ಆದರೆ ರೋಗಿ ಸೋಂಕು ತಗುಲಿ ನಾಲ್ಕು ವಾರಗಳಲ್ಲಿ ತೀರಿಕೊಂಡ. ಗೆಡ್ಡೆಯನ್ನು ಕಂಡುಹಿಡಿಯಬಹುದು, ತೆಗೆಯಲೂಬಹುದು ಎಂಬುದು ಅಂದು ಸಿದ್ಧವಾಯಿತು. ಎಲ್ಲ ಗೆಡ್ಡೆಗಳೂ ಒಂದೇ ಬಗೆಯವಲ್ಲವೆಂಬುದನ್ನು ತಿಳಿಯಲು ಮತ್ತೆ ನಾಲ್ವತ್ತು ವರ್ಷ ಹಿಡಿಯಿತು.

ಅದನ್ನು ತಿಳಿಸಿಕೊಟ್ಟವರು ಬಾಸ್ಟನ್ನಿನ ಹಾರ್ವಿ ಕುಶಿಂಗ್ ಮತ್ತು ಅವರ ಶಿಷ್ಯ ಪರ್ಸಿವಲ್ ಬೇಲಿ. ಕುಶಿಂಗ್ ತೆಗೆದ ಗೆಡ್ಡೆಯ ಚೂರೊಂದನ್ನೂ ಎಸೆಯುತ್ತಿರಲಿಲ್ಲ. ಪ್ರತಿಯೊಂದಕ್ಕೂ ಸೀಸೆ, ಚೀಟಿ, ರೋಗಿಯ ಪೂರ್ಣ ವೃತ್ತಾಂತ. ಆ ಸೀಸೆಗಳ ರಾಶಿಯ ಮುಂದೆ ಬೇಲಿ ಸೂಕ್ಷ್ಮದರ್ಶಕ ಹಿಡಿದು ಕುಳಿತರು. ಜೀವಕೋಶಗಳ ರೂಪವನ್ನು ನೋಡಿ ಗುಂಪು ಮಾಡುವುದಷ್ಟೇ ಆಗಿದ್ದರೆ ಅದರಲ್ಲಿ ವಿಶೇಷವಿರಲಿಲ್ಲ. ಯಾವ ಗುಂಪಿನ ರೋಗಿ ಎಷ್ಟು ಕಾಲ ಬದುಕಿದ ಎಂಬ ಲೆಕ್ಕದೊಡನೆ ಅದನ್ನು ಜೋಡಿಸಿದರು. 1926ರಲ್ಲಿ ಗುರುಶಿಷ್ಯರಿಬ್ಬರೂ ಪ್ರಕಟಿಸಿದ ಗ್ರಂಥವೇ ಮಿದುಳಿನ ಗೆಡ್ಡೆಗಳ ಇಂದಿನ ವರ್ಗೀಕರಣದ ತಾಯಿಬೇರು. ಹಗಲು ಶಸ್ತ್ರಕ್ರಿಯೆಯ ಮೇಜಿನ ಬಳಿ, ಇರುಳು ಸೂಕ್ಷ್ಮದರ್ಶಕದ ಬಳಿ. ಮಿದುಳಿನ ಕ್ಯಾನ್ಸರ್ ತಜ್ಞನಿಗೆ ಸಂಶೋಧನೆಯ ಶಿಕ್ಷಣವೆಂದರೆ ಇಂದಿಗೂ ಇದೇ.

ಈ ಶಿಕ್ಷಣಕ್ಕೆ ಒಂದು ಮನೆಯ ದುಃಖವೂ ಬೆರೆತಿದೆ. ವೈಲ್ಡರ್ ಪೆನ್‌ಫೀಲ್ಡ್ ಎಂಬ ತರುಣ ಶಸ್ತ್ರವೈದ್ಯರು 1928ರಲ್ಲಿ ಕೆನಡಾದ ಮಾಂಟ್ರಿಯಲ್ ನಗರಕ್ಕೆ ಬಂದು ನೆಲೆಸಿದ ಹೊಸತರಲ್ಲಿಯೇ ಅವರ ಅಕ್ಕ ರೂತ್ ತಲೆನೋವಿನಿಂದಲೂ ಮೂರ್ಛೆಯಿಂದಲೂ ನರಳಿ ಅಲ್ಲಿಗೆ ಬಂದರು. ಮಿದುಳಿನ ಮುಂಭಾಗದಲ್ಲಿ ಗೆಡ್ಡೆ. ತಮ್ಮನೇ ಶಸ್ತ್ರಕ್ರಿಯೆ ಮಾಡಿದರು. ಬಲಗಡೆಯ ಮುಂಭಾಗದ ಬಹುಪಾಲನ್ನು ತೆಗೆದರೂ ಗೆಡ್ಡೆಯ ಬೇರು ಉಳಿಯಿತು. ಅಕ್ಕ ಚೇತರಿಸಿಕೊಂಡು ಮನೆಗೆ ಮರಳಿದರು. ಮಾತು, ನಡೆ, ನೆನಪು, ನಗು ಎಲ್ಲವೂ ಮೊದಲಿನಂತೆ. ಒಂದು ದಿನ ಅತಿಥಿಗೂ ಮನೆಯವರಿಗೂ ಅಡಿಗೆ ಮಾಡಲು ಹೊರಟರು. ಪದಾರ್ಥಗಳು ಒಲೆಯ ಮೇಲಿವೆ, ಕೆಲವು ಆಗಿವೆ, ಕೆಲವಕ್ಕೆ ಕೈಯೇ ಹಚ್ಚಿಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ತೋಚದೆ ಅವರು ಅಡಿಗೆಮನೆಯ ನಡುವೆ ಕಂಗೆಟ್ಟು ನಿಂತಿದ್ದರು. ಮಿದುಳಿನ ಮುಂಭಾಗ ಮಾಡುವ ಕೆಲಸವೇನೆಂಬುದನ್ನು ಪೆನ್‌ಫೀಲ್ಡ್ ಅರಿತದ್ದು ಆ ಅಡಿಗೆಮನೆಯಿಂದ. ಹತ್ತು ಜನರ ಊಟವನ್ನು ಒಂದು ಗಂಟೆಯಲ್ಲಿ ಅಣಿಗೊಳಿಸುವ ಗೃಹಿಣಿಯ ತಲೆ ಎಂಥ ಕಠಿಣ ಲೆಕ್ಕವನ್ನು ಮಾಡುತ್ತಿರುತ್ತದೆಂಬುದು ಆ ಮೊದಲು ವೈದ್ಯಶಾಸ್ತ್ರಕ್ಕೆ ಹೊಳೆದಿರಲಿಲ್ಲವೆನ್ನಬೇಕು! ಗೆಡ್ಡೆ ಮರಳಿ ಬೆಳೆದು ರೂತ್ ಕಾಲವಾದ ಮೇಲೆ, 1935ರಲ್ಲಿ, ಪೆನ್‌ಫೀಲ್ಡ್ ಅದನ್ನು ಶಾಸ್ತ್ರೀಯ ಲೇಖನವಾಗಿ ಬರೆದರು.

ಅವರು 1934ರಲ್ಲಿ ಮಾಂಟ್ರಿಯಲ್‌ನಲ್ಲಿ ಸ್ಥಾಪಿಸಿದ ನರವಿಜ್ಞಾನ ಸಂಸ್ಥೆಯಲ್ಲಿ ಕಲಿತು ಬಂದವರು ಡಾ. ಜೇಕಬ್ ಚಾಂಡಿ. 1949ರಲ್ಲಿ ವೆಲ್ಲೂರಿನಲ್ಲಿ ಅವರು ತೆರೆದ ವಿಭಾಗವೇ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ. ಇತ್ತ ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಇಂಗ್ಲೆಂಡಿನಲ್ಲಿ ತರಬೇತು ಹೊಂದಿದ ಡಾ. ಆರ್. ಮಾರ್ತಾಂಡ ವರ್ಮ 1958ರಲ್ಲಿ ಅಲ್ಲಿಗೆ ಬಂದು ನರಶಸ್ತ್ರಚಿಕಿತ್ಸೆಗೆ ಅಡಿಗಲ್ಲು ಹಾಕಿದರು. 1974ರ ಡಿಸೆಂಬರಿನಲ್ಲಿ ಆ ಸಂಸ್ಥೆಯೂ ನೆರೆಯ ಸರಕಾರಿ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ‘ನಿಮ್ಹಾನ್ಸ್’ ಆಯಿತು. ಕೊಡಗಿನ ಬೆಳೆಗಾರರ ಜೀಪು ಬಂದು ನಿಲ್ಲುವುದು ಅದರ ಬಾಗಿಲಿನಲ್ಲಿ.

ಪಂದಿಯೋ, ಹಂದಿಯೋ?

ಇಂದು ಈ ವಿದ್ಯೆಗೆ ಬರುವವನು ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷ, ಆಸ್ಪತ್ರೆಯ ಅಭ್ಯಾಸಕ್ಕೆ ಒಂದು ವರ್ಷ, ಎಂ.ಡಿ. ಅಥವಾ ಎಂ.ಎಸ್. ಪದವಿಗೆ ಮೂರು, ಆಮೇಲೆ ಡಿ.ಎಂ. ಅಥವಾ ಎಂ.ಸಿಎಚ್. ಎಂಬ ಉಚ್ಚ ತಜ್ಞತೆಗೆ ಮತ್ತೆ ಮೂರು ವರ್ಷಗಳನ್ನು ಕೊಡಬೇಕು. ಹನ್ನೊಂದೂವರೆ ವರ್ಷ! ಮಡಿಕೇರಿಯ ಕಾಲೇಜಿಗೆ 2016ರಲ್ಲಿ ಸೇರಿದ ಮೊದಲ ತಂಡದ ವಿದ್ಯಾರ್ಥಿಯೊಬ್ಬನು ಎಲ್ಲಿಯೂ ಎಡವದೆ ಓದಿದರೂ ಇಲ್ಲಿಗೆ ಮುಟ್ಟುವುದು 2028ರ ಹೊತ್ತಿಗೆ. ಸಂಶೋಧನೆಯ ಶಿಕ್ಷಣ ಶುರುವಾಗುವುದು ಸಾಮಾನ್ಯವಾಗಿ ಅದರ ಮೇಲೆ, ಎರಡು ಮೂರು ವರ್ಷ. ಅಷ್ಟರಲ್ಲಿ ಅವನ ಜೊತೆಗೆ ಓದಿದ ಎಂಜಿನಿಯರ್ ಗೆಳೆಯರು ಮನೆ ಕಟ್ಟಿ ಮಕ್ಕಳನ್ನು ಶಾಲೆಗೆ ಸೇರಿಸಿರುತ್ತಾರೆ.

ಆ ಎರಡು ಮೂರು ವರ್ಷಗಳಲ್ಲಿ ಕಲಿಯುವುದೇನು? ಮೊದಲನೆಯದು ಚೂರನ್ನು ಜೋಪಾನ ಮಾಡುವುದು. ಮಿದುಳಿನಿಂದ ತೆಗೆದ ಗೆಡ್ಡೆಯ ಅಂಶವನ್ನು ರೋಗಿಯ ಒಪ್ಪಿಗೆ ಪಡೆದು, ನಿಮಿಷಗಳೊಳಗೆ ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ತಡವಾದರೆ ಅದರೊಳಗಿನ ಅಣುಗಳು ಕೆಡುತ್ತವೆ. ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಆರಂಭವಾದ ಮಿದುಳು ಬ್ಯಾಂಕು ಇಂಥ ಜೋಪಾನಕ್ಕೆ ಹೆಸರಾಗಿದೆ. (ಅದರ ಜೊತೆಗಿರುವ ಮಿದುಳಿನ ವಸ್ತುಸಂಗ್ರಹಾಲಯವನ್ನು ಸಾರ್ವಜನಿಕರೂ ನೋಡಬಹುದು. ಬೆಂಗಳೂರಿಗೆ ಹೋದಾಗ ಲಾಲ್‌ಬಾಗನ್ನಷ್ಟೇ ನೋಡಿ ಬರುವವರು ಒಮ್ಮೆ ಅತ್ತ ಹೋಗಿಬರುವುದು ಒಳ್ಳೆಯದು.)

ಎರಡನೆಯದು ಚೂರನ್ನು ಪ್ರಶ್ನಿಸುವುದು. ಬೇಲಿಯ ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತಿದ್ದ ಎರಡು ಗೆಡ್ಡೆಗಳು ಒಳಗೆ ಬೇರೆ ಬೇರೆಯಾಗಿರಬಹುದು. ಐ.ಡಿ.ಎಚ್. ಎಂಬ ಜೀನಿನಲ್ಲಿ ಒಂದು ಅಕ್ಷರ ತಪ್ಪಿರುವ ಗೆಡ್ಡೆಯ ರೋಗಿ ಇತರರಿಗಿಂತ ಬಹಳ ಕಾಲ ಬಾಳುತ್ತಾನೆ. ಈ ವ್ಯತ್ಯಾಸ ಬೆಳಕಿಗೆ ಬಂದದ್ದು 2008ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2016ರ ವರ್ಗೀಕರಣದಲ್ಲಿ ಇದಕ್ಕೆ ಸ್ಥಾನ ಕೊಟ್ಟಿತು. ಆ ತಪ್ಪನ್ನೇ ಗುರಿಯಾಗಿಟ್ಟು ಮಾಡಿದ ವೊರಾಸಿಡೆನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಮಂಜೂರಾತಿ ದೊರೆತದ್ದು 2024ರ ಆಗಸ್ಟಿನಲ್ಲಿ. ಹದಿನಾರು ವರ್ಷ! ಒಬ್ಬ ಹುಡುಗ ವೈದ್ಯಕೀಯ ಕಾಲೇಜಿಗೆ ಸೇರಿ ಸಂಶೋಧಕನಾಗಲು ಬೇಕಾಗುವ ಕಾಲಕ್ಕಿಂತ ಅದೇನೂ ಬಹಳ ಹೆಚ್ಚಲ್ಲ.

ಗೆಡ್ಡೆಗಳಲ್ಲೆಲ್ಲ ಅತ್ಯಂತ ಕ್ರೂರವಾದದ್ದು ಗ್ಲಯೋಬ್ಲಾಸ್ಟೋಮ. ಬೆಳೆಗಾರರಿಗೆ ಬಂದಿರುವುದು ಅದೇ. ನಿಮ್ಹಾನ್ಸ್‌ನ ರೋಗವಿಜ್ಞಾನಿ ಡಾ. ವಾಣಿ ಸಂತೋಷ್, ಅಲ್ಲಿಯ ಶಸ್ತ್ರವೈದ್ಯರು, ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕ ಕುಮಾರವೇಲ್ ಸೋಮಸುಂದರಂ ಇವರೆಲ್ಲ ಕೂಡಿ ಈ ರೋಗದ ಮೇಲೆ ವರ್ಷಗಳ ಕಾಲ ದುಡಿದಿದ್ದಾರೆ. ಹದಿನಾಲ್ಕು ಜೀನುಗಳ ಏರಿಳಿತವನ್ನು ಅಳೆದು ಯಾವ ರೋಗಿಗೆ ಅಪಾಯ ಹೆಚ್ಚೆಂದು ಗುರುತಿಸುವ ವಿಧಾನವನ್ನು ಈ ಬಳಗ 2013ರಲ್ಲಿ ಪ್ರಕಟಿಸಿತು. ರೋಗಿ ಹೊಸೂರು ರಸ್ತೆಯಲ್ಲಿ, ಅವನ ಗೆಡ್ಡೆಯ ಅಣುಗಳು ಮಲ್ಲೇಶ್ವರದ ಆಚೆಗೆ. ನಡುವಿನ ಆ ನಗರದ ಗದ್ದಲವನ್ನು ದಾಟಿ ಎರಡೂ ಕಡೆಯ ಭಾಷೆಯನ್ನು ಬಲ್ಲವನೇ ಸಂಶೋಧಕ ವೈದ್ಯ.

ಮೂರನೆಯದು ರೋಗಿಯ ಮಾತನ್ನು ಕೇಳುವುದು. ಇದನ್ನು ಯಾವ ಯಂತ್ರವೂ ಕಲಿಸದು. ಬೆಳೆಗಾರರ ಗೆಡ್ಡೆ ಇರುವುದು ಎಡಗಡೆ, ಮಾತಿನ ಕೇಂದ್ರಗಳ ಮಗ್ಗುಲಿಗೆ. ಇಂಥಲ್ಲಿ ತಲೆಬುರುಡೆಯನ್ನು ತೆರೆದ ಮೇಲೆ ರೋಗಿಯನ್ನು ಎಚ್ಚರಗೊಳಿಸುತ್ತಾರೆ. ಓದುಗರು ನಡುಗಬೇಕಾಗಿಲ್ಲ, ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ. ಅದರ ಮೇಲ್ಮೈಗೆ ಅತ್ಯಲ್ಪ ವಿದ್ಯುತ್ತನ್ನು ಮುಟ್ಟಿಸುತ್ತ ರೋಗಿಗೆ ಚಿತ್ರಗಳನ್ನು ತೋರಿಸುತ್ತಾರೆ. ಎಲ್ಲಿ ಮುಟ್ಟಿದಾಗ ಹೆಸರು ಹೇಳಲು ತಡವರಿಸುವನೋ ಆ ಜಾಗವನ್ನು ಉಳಿಸಿ ಉಳಿದುದನ್ನು ತೆಗೆಯುತ್ತಾರೆ. ಪೆನ್‌ಫೀಲ್ಡ್ ಬಳಸಿ ಬೆಳೆಸಿದ ವಿಧಾನವಿದು. ಎರಡು ಭಾಷೆ ಬಲ್ಲವರ ಮಿದುಳಿನಲ್ಲಿ ಎರಡಕ್ಕೂ ಸಮಾನವಾದ ಜಾಗಗಳ ಜೊತೆಗೆ ಒಂದೊಂದಕ್ಕೇ ಮೀಸಲಾದ ಜಾಗಗಳೂ ಇರುತ್ತವೆಂದು ಆಜೆಮನ್ ಮತ್ತು ವಿಟೇಕರ್ ಎಂಬ ಅಮೆರಿಕದ ಸಂಶೋಧಕರು 1978ರಲ್ಲಿಯೇ ತೋರಿಸಿದರು. ಅಂದಮೇಲೆ ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ, ಕಾಫಿ ಮಂಡಳಿಯ ಪತ್ರಗಳಲ್ಲಿ ಇಂಗ್ಲಿಷ್ ಬಳಸಿದವರನ್ನು ಯಾವ ಭಾಷೆಯಲ್ಲಿ ಪರೀಕ್ಷಿಸಬೇಕು?

ಹಂದಿಯ ಚಿತ್ರವನ್ನು ತೋರಿಸಿದಾಗ ಅವರು “ಪಂದಿ” ಎನ್ನುತ್ತಾರೆ. ಬಯಲುಸೀಮೆಯಿಂದ ಬಂದ ತರುಣ ವೈದ್ಯನು “ಹ ಎನ್ನುವಲ್ಲಿ ಪ ಎಂದರು, ಉಚ್ಚಾರ ತಪ್ಪಿತು” ಎಂದು ಬರೆದುಕೊಂಡರೆ ಗತಿಯೇನು? ಗೆಡ್ಡೆಯನ್ನು ಇನ್ನೂ ತೆಗೆಯಬಹುದಾಗಿದ್ದ ಜಾಗದಲ್ಲಿ ಕೈ ನಿಂತುಬಿಡುತ್ತದೆ. ಹುತ್ತರಿಯನ್ನು ಕೊಡವರು ಪುತ್ತರಿಯೆನ್ನುವರೆಂದು ಬಲ್ಲವನಿಗೆ ಈ ಮೋಸವಾಗದು. ಶಸ್ತ್ರಕ್ರಿಯೆಗೆ ಮುಂಚಿತವಾಗಿ ರೋಗಿಯ ಹೆಂಡತಿಯನ್ನೋ ಮಗನನ್ನೋ ಜೊತೆಗೆ ಕೂರಿಸಿಕೊಂಡು, ಚಿತ್ರಕ್ಕೆ ಮನೆಯಲ್ಲಿ ಯಾವ ಹೆಸರೆಂದು ಒಂದೊಂದಾಗಿ ಕೇಳಿ ಪಟ್ಟಿ ಮಾಡಿಕೊಳ್ಳಬೇಕು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ದೋಷಗಳ ಪರೀಕ್ಷೆಗಳನ್ನು ಕನ್ನಡಕ್ಕೆ ಅಳವಡಿಸುವ ಕೆಲಸ ನಡೆದಿದೆ. ಸಣ್ಣ ಭಾಷೆಗಳಿಗೆ ಆ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕು. ಕೊಡಗಿನಿಂದ ಹೋದ ಒಬ್ಬ ವೈದ್ಯ ವಿದ್ಯಾರ್ಥಿಗೆ ಇದಕ್ಕಿಂತ ಒಪ್ಪುವ ಸಂಶೋಧನ ವಿಷಯ ಇನ್ನೊಂದಿರಲಾರದು.

ಶಸ್ತ್ರಕ್ರಿಯೆ ಮುಗಿದ ಮೇಲೆ ಬರುವುದು ವಿಕಿರಣ ಮತ್ತು ಟೆಮೊಜೊಲಮೈಡ್ ಎಂಬ ಔಷಧಿ. ಈ ಜೋಡಿ ಚಿಕಿತ್ಸೆಯ ಬೆಲೆ ಗೊತ್ತಾದದ್ದು 2005ರಲ್ಲಿ. 85 ಆಸ್ಪತ್ರೆಗಳ 573 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ವಿಕಿರಣವೊಂದನ್ನೇ ಪಡೆದವರ ಮಧ್ಯಮ ಆಯುಸ್ಸು 12.1 ತಿಂಗಳು, ಎರಡನ್ನೂ ಪಡೆದವರದು 14.6 ತಿಂಗಳು. ಎರಡೂವರೆ ತಿಂಗಳಿಗೆ ಇಷ್ಟೆಲ್ಲ ಶ್ರಮವೇ ಎಂದು ಮೂಗು ಮುರಿಯುವವರು ಇನ್ನೊಂದು ಅಂಕಿಯನ್ನು ನೋಡಬೇಕು: ಎರಡು ವರ್ಷ ದಾಟಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 10 ಜನ, ಎರಡನೆಯದರಲ್ಲಿ 26 ಜನ. ಗೆಡ್ಡೆಯೊಳಗೆ ಔಷಧಿಯ ಪೆಟ್ಟನ್ನು ರಿಪೇರಿ ಮಾಡುವ ಎಂ.ಜಿ.ಎಂ.ಟಿ. ಎಂಬ ಕೆಲಸಗಾರನು ಮಲಗಿದ್ದರೆ ಔಷಧಿ ಹೆಚ್ಚು ನಾಟುತ್ತದೆಂಬುದೂ ಜೋಪಾನ ಮಾಡಿಟ್ಟ ಅದೇ ಚೂರುಗಳಿಂದ ತಿಳಿಯಿತು. ಆ 85 ಆಸ್ಪತ್ರೆಗಳಲ್ಲಿ ಒಂದೊಂದರಲ್ಲಿಯೂ ದಿನಾಂಕವನ್ನು ತಪ್ಪಿಲ್ಲದೆ ಬರೆದ, ಚೂರನ್ನು ಕೆಡದಂತಿಟ್ಟ ವೈದ್ಯರು ಇದ್ದುದರಿಂದ ತಾನೆ?

ಅಂಥ ವೈದ್ಯರಿಗೆ ನಮ್ಮಲ್ಲಿ ಬುದ್ಧಿಯ ಕೊರತೆಯಿಲ್ಲ, ಹೊತ್ತಿನ ಕೊರತೆಯಿದೆ. ಬೆಳಗ್ಗೆ ಹೊರರೋಗಿಗಳ ಸಾಲು, ಮಧ್ಯಾಹ್ನ ಶಸ್ತ್ರಕ್ರಿಯೆ, ರಾತ್ರಿ ಪಾಳಿ. ಸೂಕ್ಷ್ಮದರ್ಶಕಕ್ಕೆ ಯಾವಾಗ ಕೂರಬೇಕು? ಹೊಸ ಕಟ್ಟಡಗಳ ಉದ್ಘಾಟನೆಗೆ ಸರಕಾರಗಳು ತೋರುವ ಉತ್ಸಾಹದ ಕಾಲುಭಾಗವನ್ನು ಒಬ್ಬ ವೈದ್ಯನ ವಾರದ ಎರಡು ದಿನಗಳನ್ನು ಬಿಡಿಸಿಕೊಡುವುದರಲ್ಲಿ ತೋರಿದ್ದರೆ ಸ್ಥಿತಿ ಬೇರೆಯಾಗಿರುತ್ತಿತ್ತು. ಪ್ರಯತ್ನಗಳು ಇಲ್ಲದಿಲ್ಲ. ನಿಮ್ಹಾನ್ಸ್ ವೈದ್ಯರಿಗೂ ಪಿಎಚ್.ಡಿ. ವ್ಯಾಸಂಗದ ದಾರಿ ತೆರೆದಿದೆ. ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟೂ 2008ರಲ್ಲಿ ಒಂದುಗೂಡಿ ಸ್ಥಾಪಿಸಿದ ಸಂಸ್ಥೆ ವೈದ್ಯರಿಗಾಗಿಯೇ ಸಂಶೋಧನ ವೇತನಗಳನ್ನು ನೀಡುತ್ತ ಬಂದಿದೆ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಕೊಟ್ಟ ರೂ. 425 ಕೋಟಿ ದಾನದಿಂದ ಭಾರತೀಯ ವಿಜ್ಞಾನ ಮಂದಿರವು 800 ಹಾಸಿಗೆಗಳ ಆಸ್ಪತ್ರೆಯನ್ನೂ, ಎಂ.ಡಿ.ಯನ್ನೂ ಪಿಎಚ್.ಡಿ.ಯನ್ನೂ ಜೊತೆಯಾಗಿ ಕಲಿಸುವ ವೈದ್ಯಶಾಲೆಯನ್ನೂ ಸಾರಿತು.

ಬೆಳೆಗಾರರು ಆರು ವಾರಗಳ ವಿಕಿರಣ ಮುಗಿಸಿ ಊರಿಗೆ ಮರಳುವ ಹೊತ್ತಿಗೆ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿರುತ್ತದೆ. ಮಾತು ಉಳಿದಿದೆ, ಮೊಮ್ಮಗಳೊಡನೆ ಕೊಡವ ತಕ್ಕಿನಲ್ಲಿ, ಆಳುಗಳೊಡನೆ ಕನ್ನಡದಲ್ಲಿ. ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಮಡಿಕೇರಿಗೆ ಹೋಗುತ್ತಾರೆ. ಅಂದು ತುರ್ತು ವಿಭಾಗದಲ್ಲಿದ್ದ ಎಳೆಯ ವೈದ್ಯನು ಬೆಂಗಳೂರಿನಿಂದ ಬಂದ ದಪ್ಪ ಕಡತವನ್ನು ಬಿಡಿಸಿ ಓದುತ್ತಾನೆ. ಮೊದಲ ಹಾಳೆಯ ಮೊದಲ ಸಾಲಿನಲ್ಲಿ, ರೋಗ ಕಾಣಿಸಿಕೊಂಡ ದಿನ, ಗಂಟೆ, ಮೊದಲು ಸೆಟೆದದ್ದು ಯಾವ ಕೈ, ಮಾತು ನಿಂತದ್ದು ಎಷ್ಟು ಹೊತ್ತು ಎಂಬ ವಿವರಗಳಿವೆ. ಅವನು ಅಂದು ಬರೆದು ಕಳುಹಿಸಿದ್ದ ಕಾಗದದಿಂದ ಎತ್ತಿಕೊಂಡವು.